ಹೆಸರು ಹಿಡಿದು

“ಹೆಸರು ಹಿಡಿದು ಕೂಗಮ್ಮ!” ಉಚಿತ ಕಾನೂನು ನೆರವಿನ ವಕೀಲೆ ವೇದಾ ಜೆಸಿಬಿಗೆ ಅಡ್ಡ ನಿಂತೇ ಕಿರುಚಿದಳು. ಕೆ.ಆರ್. ಪುರದಲ್ಲಿ ಮಳೆಗೆ ಕುಸಿದಿದ್ದ ಹೊಸ ಕಟ್ಟಡದ ಅವಶೇಷದ ಮೇಲೆ, ಗಂಡನ ಜೊತೆ ಅಲ್ಲೇ ಕೂಲಿಗಿದ್ದ ಶೇಷಮ್ಮ ಮಂಡಿಯೂರಿದ್ದಳು. ಬಿರುಕಿಗೆ ಬಾಯಿಟ್ಟು, ಆಗಿನಿಂದ ಕೂಗಿದ್ದನ್ನೇ ಮತ್ತೆ ಕೂಗಿದಳು: “ರೀ... ಏನ್ರೀ...”

“ಒಳಗೆ ಯಾರೂ ಇಲ್ಲ ಮೇಡಂ, ಏನಿದ್ರೂ ಕೋರ್ಟಲ್ಲಿ ನೋಡ್ಕೊಳ್ಳಿ,” ಅಂದ ಕಂಟ್ರಾಕ್ಟರ್. ರಕ್ಷಣಾ ತಂಡ ಇನ್ನೂ ಟ್ರಾಫಿಕ್ಕಲ್ಲಿತ್ತು. ಅದು ಬರುವಷ್ಟರಲ್ಲಿ ಎಲ್ಲ ಸಮ ಮಾಡಿ ಮುಗಿಸುವ ಆತುರ ಅವನದು. ಅವನು ಕೈಬೀಸಿದ್ದೇ ಜೆಸಿಬಿಯ ಬಕೆಟ್ ಮೇಲೆದ್ದಿತು.

ವೇದಾ ಕದಲಲಿಲ್ಲ. “ಎಚ್ಚರ ತಪ್ಪಿದೋರಿಗೆ ಅವರ ಹೆಸರೇ ಮೊದಲು ಕೇಳ್ಸೋದಂತೆ, ವಿಪತ್ತು ನೆರವಿನ ಟ್ರೈನಿಂಗಲ್ಲಿ ನಮಗೆ ಹೇಳಿದಾರೆ. ಕೂಗಮ್ಮ!”

“ಹ್ಯಾಂಗ ಕೂಗ್ಲಿರಿ ಅಕ್ಕಾರ? ಗಂಡನ ಹೆಸರ ಬಾಯಾಗ ತಂದ್ರ ಅವರ ಆಯುಷ್ಯ ಕಮ್ಮಿ ಆಗ್ತದ.”

“ಈಗ ಕೂಗದಿದ್ರೆ ಆಯುಷ್ಯ ಎಲ್ಲಿ ಉಳಿಯುತ್ತೆ?”

ಶೇಷಮ್ಮ ತಾಳಿಯನ್ನು ಕಣ್ಣಿಗೊತ್ತಿಕೊಂಡಳು. ಮದುವೆಯಾದಂದಿನಿಂದ ನಾಲಿಗೆಯ ತುದಿಗೂ ತಂದುಕೊಳ್ಳದ ಹೆಸರು ಕರುಳು ಕಿತ್ತುಕೊಂಡೇ ಆಚೆ ಬಂತು. “ಚಂದ್ರಾಮಪ್ಪಾ! ಏ ಚಂದ್ರಾಮಪ್ಪಾ!”

ಆ ಕೂಗಿಗೆ ಡ್ರೈವರ್ ಬೆಚ್ಚಿ ಎಂಜಿನ್ ಆಫ್ ಮಾಡಿಬಿಟ್ಟ. ಆಗ, ಸಿಮೆಂಟಿನ ಧೂಳು ತುಂಬಿದ ಗಂಟಲೊಂದು ಕೆಳಗಿನಿಂದ ಕ್ಷೀಣವಾಗಿ ಗದರಿತು:

“ಹೆಸರ ಹಿಡೀಬ್ಯಾಡಲೇ ಶೇಷೀ... ಇನ್ನಾ ಜೀವ ಅದ.”