ಮೆಟ್ಟಿಲ ಮೇಲಿನ ಮಾತು

ಆರನೇ ಮೆಟ್ಟಿಲಲ್ಲಿ ಅವಳ ದನಿ ಪೂರ್ತಿ ಕೈಕೊಟ್ಟಿತು. ಕೆಳಗಿನಿಂದ ಅಣ್ಣ ಹೇಳಿ ಕಳಿಸಿದ್ದನ್ನು ಮೇಲೆ ತಮ್ಮನಿಗೆ ಹೇಗೆ ಹೇಳಬೇಕೆಂದು ಮೆಲ್ಲಗೆ ಅಂದು ನೋಡಿಕೊಳ್ಳುತ್ತಿದ್ದಳು. ಗಂಟಲಿನಿಂದ ಬರೀ ಗಾಳಿ ಬಂತು. ಇನ್ನೊಮ್ಮೆ ಅಂದಳು. ಮತ್ತೆ ಗಾಳಿ. ಕೈಯಲ್ಲಿದ್ದ ಪುಸ್ತಕದ ಕಟ್ಟು ಜಾರಿ ದಡಬಡನೆ ಕೆಳಗುರುಳಿತು.

ಡಾಕ್ಟರು ಹದಿನೈದು ದಿನದ ಹಿಂದೆಯೇ ಹೇಳಿದ್ದರು. ಗಂಟಲಲ್ಲಿ ಗಂಟಾಗಿದೆ, ಆಪರೇಷನ್ ಆಗಬೇಕು, ಆಮೇಲೆ ಒಂದು ತಿಂಗಳು ತುಟಿ ಪಿಟಕ್ ಅನ್ನಬಾರದು. ಒಂದು ತಿಂಗಳು! ಅವಳು ಒಂದು ದಿನ ಸುಮ್ಮನಿದ್ದರೆ ಆ ಮನೆಯ ಗತಿ ಏನಾಗುತ್ತದೆಂದು ಪಾಪ ಡಾಕ್ಟರಿಗೇನು ಗೊತ್ತು. ಬಿಸಿನೀರು ಕುಡಿದು, ಕೆಮ್ಮು ಎಂದು ನೆಪ ಹೇಳಿ, ದಿನ ದೂಡಿದ್ದಳು.

ಅದು ಬೈಂಡಿಂಗ್ ಮನೆ. ಕೆಳಗೆ ಅಣ್ಣ ಹಾಳೆಗಳನ್ನು ಜೋಡಿಸಿ ಹೊಲಿಯುತ್ತಾನೆ. ಮೇಲೆ ತಮ್ಮ ರಟ್ಟು ಹಾಕಿ, ಅಂಚು ಕತ್ತರಿಸಿ, ಹೆಸರು ಅಚ್ಚು ಹಾಕುತ್ತಾನೆ. ಒಬ್ಬನಿಲ್ಲದೆ ಇನ್ನೊಬ್ಬನ ಕೆಲಸ ಮುಗಿಯುವುದಿಲ್ಲ. ಆದರೆ ಒಂಬತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಒಂದು ಶಾಲೆಯ ಇನ್ನೂರು ಪುಸ್ತಕ ತಲೆಕೆಳಗಾಗಿ ಬೈಂಡಾಗಿ ಹೋಗಿ, ಗಿರಾಕಿಯ ಎದುರಿಗೇ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದ್ದರು. ಅಂದೇ ನಿಯಮವಾಯಿತು: ಮುಖ ನೋಡುವುದಿಲ್ಲ, ಫೋನಿಲ್ಲ, ಚೀಟಿಯೂ ಇಲ್ಲ. ಏನಿದ್ದರೂ ನಡುವಿನವಳ ಬಾಯಿಂದ. ಅಣ್ಣ ಮುಂಬಾಗಿಲಿನಿಂದ ಓಡಾಡುತ್ತಾನೆ, ತಮ್ಮ ಮನೆಯ ಹಿಂದಿನ ಹೊರಮೆಟ್ಟಿಲಿನಿಂದ. ಹಟದಲ್ಲಿ ಇಬ್ಬರೂ ಒಂದೇ ಅಚ್ಚಿನವರು.

ಜಗಳಕ್ಕೆ ಮೊದಲು ಆ ಮನೆಯಲ್ಲಿ ಅವಳ ಮಾತಿಗೆ ಕಿವಿ ಕೊಟ್ಟವರಿಲ್ಲ. ಅವರಿಬ್ಬರ ಹರಟೆ, ಅವರಿಬ್ಬರ ನಗು. ಅವಳು ಚಹಾ ಇಟ್ಟು ಹೋದರೆ ಲೋಟ ಯಾರಿಟ್ಟರೆಂದು ನೋಡುತ್ತಿರಲಿಲ್ಲ. ಈಗ ಅವಳ ಹೆಜ್ಜೆ ಸದ್ದಾದರೆ ಅಣ್ಣ ಸೂಜಿ ಕೆಳಗಿಡುತ್ತಾನೆ, ತಮ್ಮ ಅಂಟಿನ ಕುಂಚ ಕೆಳಗಿಡುತ್ತಾನೆ.

ಹೊರೆಯೇನು ಸಣ್ಣದಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಒಯ್ದದ್ದು ಒಂದು ದಿನವೂ ಇಲ್ಲ. ಒಯ್ದಿದ್ದರೆ ಈ ಮನೆ ಇವತ್ತು ಹೀಗಿರುತ್ತಿರಲಿಲ್ಲ.

"ನೀವಿಲ್ಲದಿದ್ರೆ ಇಬ್ಬರೂ ಹೊಡೆದಾಡಿಕೊಂಡು ಸಾಯ್ತಿದ್ರು," ಎನ್ನುತ್ತಾರೆ ಪಕ್ಕದ ಮನೆಯ ಟೀಚರಮ್ಮ. ಅವಳು ಕಣ್ಣು ತಗ್ಗಿಸುತ್ತಾಳೆ.

ಹೋದ ವಾರ ಹೀಗೇ ಮೇಲೆ ಹೋಗಿ ಹೇಳಿದಾಗ ತಮ್ಮನ ಮುಖ ಕಪ್ಪಿಟ್ಟಿತ್ತು. "ಇನ್ನೂ ಅಷ್ಟು ಸಿಟ್ಟಾ ಅಕ್ಕಾ ಅವನಿಗೆ?"

"ಹೊಟ್ಟೆಗೆ ಹಾಕ್ಕೊಳ್ಳೋ. ಅವನ ಸ್ವಭಾವ ನಿನಗೆ ಗೊತ್ತಿಲ್ವಾ. ನಾನಿದ್ದೀನಲ್ಲ."

ಕೆಳಗಿಳಿದರೆ ಅಣ್ಣ ಕಾಯುತ್ತಿದ್ದ. "ಏನಂದ?"

"ಬೇಡ ಬಿಡು ಅಣ್ಣ. ಕೇಳಿ ಯಾಕೆ ಮನಸ್ಸು ಕೆಡಿಸ್ಕೋತೀಯ."

ಅವನು ತಲೆಯಾಡಿಸಿ ಸೂಜಿಗೆ ದಾರ ಪೋಣಿಸಹೊರಟ. ಮೂರು ಸಲ ತಪ್ಪಿತು. ಅವಳೇ ಪೋಣಿಸಿಕೊಟ್ಟಳು.

ಈಗ, ಕಟ್ಟು ಬಿದ್ದ ಸದ್ದಿಗೆ ಅಣ್ಣ ಮೆಟ್ಟಿಲ ಬುಡಕ್ಕೆ ಬಂದ. "ಏನಾಯ್ತೇ?"

ಅವಳು ಗಂಟಲು ಮುಟ್ಟಿ ತೋರಿಸಿದಳು. ಅವನ ಮುಖ ಬಾಡಿತು.

"ದನಿ ಹೋಯ್ತಾ? ಅವತ್ತೇ ಅಂದೆ, ಇದು ಬರೀ ಕೆಮ್ಮಲ್ಲ ಅಂತ. ಇವತ್ತೇ ಆಸ್ಪತ್ರೆಗೆ ಹೋಗೋಣ." ಒಂದು ಕ್ಷಣ ಮೇಲೆ ನೋಡಿದ. "ಇನ್ನು ಅವನ ಹತ್ರ ನಾನೇ ಮಾತಾಡ್ತೀನಿ."

ಜೀವ ಬಾಯಿಗೆ ಬಂತು ಅವಳಿಗೆ. ಎರಡೂ ಕೈ ಅಗಲಿಸಿ ದಾರಿಗೆ ಅಡ್ಡ ನಿಂತಳು. ಬೇಡ, ಬೇಡ ಎಂದು ತಲೆಯಾಡಿಸಿದಳು. ಅವನು ಒಂದೊಂದೇ ಮೆಟ್ಟಿಲು ಹತ್ತಿದ. ಅವಳು ಅಂಗಿ ಹಿಡಿದು ಜಗ್ಗಿದಳು. ಒಂಬತ್ತು ವರ್ಷ ಹಗಲೂ ರಾತ್ರಿ ಕಾಯ್ದದ್ದು ಇನ್ನೊಂದು ನಿಮಿಷದಲ್ಲಿ ಮಣ್ಣುಪಾಲಾಗುತ್ತದೆ. ಕೂಗೋಣವೆಂದರೆ ಕೂಗಲು ದನಿಯಿಲ್ಲ.

ಮೇಲೆ ಬಾಗಿಲು ತೆರೆಯಿತು. ತಮ್ಮ ನಿಂತಿದ್ದ. ಕೈಯಲ್ಲಿ ಅಂಚು ಕತ್ತರಿಸುವ ಚೂರಿ.

ಇಬ್ಬರ ತಲೆಯೂ ನರೆತಿತ್ತು. ಒಬ್ಬರದನ್ನೊಬ್ಬರು ಈಗಲೇ ನೋಡಿದ್ದು.

"ಅಕ್ಕಾ, ದಾರಿ ಬಿಡು," ಎಂದ ತಮ್ಮ.

ಅವಳು ಕುಸಿದು ಅಣ್ಣನ ಕಾಲು ಹಿಡಿದಳು. ಕಣ್ಣೀರು ಧಾರಾಕಾರ. ಕೈಮುಗಿದಳು, ಹಣೆ ಚಚ್ಚಿಕೊಂಡಳು, ಕೆಳಗೆ ಹೋಗು ಎಂದು ಬೆರಳು ತೋರಿಸಿದಳು. ಅಂಥ ದೈನ್ಯದಲ್ಲಿ ಅವಳನ್ನು ಇಬ್ಬರೂ ಎಂದೂ ಕಂಡಿರಲಿಲ್ಲ. ಅಣ್ಣ ಬಗ್ಗಿ ಅವಳ ಕೈ ಬಿಡಿಸಿದ, ಅವಳ ಪಕ್ಕದಿಂದಲೇ ಮತ್ತೊಂದು ಮೆಟ್ಟಿಲು ಹತ್ತಿದ, ತಲೆಯೆತ್ತಿದ.

"ಒಂಬತ್ತು ವರ್ಷದಿಂದ ದಿನಾ ಇವಳ ಹತ್ರ ಹೇಳಿ ಕಳಿಸ್ತಿದ್ದೀನಿ, ತಪ್ಪು ನಂದೇ, ಕೆಳಗೆ ಬಾರೋ ಅಂತ. ಇನ್ನೂ ಎಷ್ಟು ಸಲ ಕೇಳಬೇಕೋ ನಾನು?"

ತಮ್ಮ ಒಂದು ಮೆಟ್ಟಿಲು ಕೆಳಗಿಳಿದ. "ನೀನಾ? ದಿನಾ ಆ ಮಾತು ಹೇಳಿ ಕಳಿಸ್ತಿದ್ದದ್ದು ನಾನು, ಅಣ್ಣ."