ಕಂಡದ್ದು, ಹುಡುಕಿದ್ದು

ತಂಗಿ ಡ್ರೋನಿನ ರೆಕ್ಕೆಗಳಿಗೆ ಅಂಟಿದ್ದ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಅಗ್ನಿಶಾಮಕ ಠಾಣೆಯ ಆ ಇಕ್ಕಟ್ಟಾದ ಕೋಣೆಯಲ್ಲಿ ಎದುರಿಗೆ ಕೂತ ಅಕ್ಕ, ಬಂದಾಗಿನಿಂದ ಯಂತ್ರದ ಮೇಲಿಂದ ಕಣ್ಣು ಕಿತ್ತಿರಲಿಲ್ಲ.

"ಇದಕ್ಕೆ ಮುಖ ಕಾಣತ್ತೇನೆ?" ಎಂದಳು ಕೊನೆಗೆ.

"ಸ್ವಲ್ಪ ಕೆಳಗಿಳಿಸಿದ್ರೆ ಚೆನ್ನಾಗೇ ಕಾಣತ್ತೆ."

"ಮಾತು?"

"ಇಲ್ಲ ಅಕ್ಕಾ. ಕಣ್ಣಷ್ಟೇ, ಕಿವಿ ಇಲ್ಲ."

"ನಿಮ್ಮ ಭಾವನಿಗಿಂತ ವಾಸಿ. ಅವರಿಗೆ ಎರಡೂ ಇರಲಿಲ್ಲ." ನಗಲು ಹೋದವಳಿಗೆ ನಗು ಬರಲಿಲ್ಲ. "ಊರ ಮೇಲೆ ಒಂದು ಸುತ್ತು ಹಾರಿಸೇ. ನಾನೇ ನೋಡ್ತೀನಿ."

"ಹಾಗೆಲ್ಲ ಹಾರಿಸೋ ಹಾಗಿಲ್ಲ. ಬೆಂಕಿ ಬಿದ್ದಿರಬೇಕು, ನೆರೆ ಬಂದಿರಬೇಕು, ಇಲ್ಲಾ ಯಾರಾದ್ರೂ ಕಾಣೆಯಾಗಿರಬೇಕು."

"ಅವರು ಕಾಣೆಯಾಗಿಲ್ವಾ?"

"ಹುಡುಕಬೇಡಿ ಅಂತ ಭಾವನೇ ಪೊಲೀಸರಿಗೆ ಫೋನ್ ಮಾಡಿ ಹೇಳಿದಾರಲ್ಲ ಅಕ್ಕಾ. ಆಮೇಲೆ ಕಾಣೆ ಅನ್ನೋ ಹಾಗಿಲ್ಲ."

"ಅದು ಹೋದ ವರ್ಷದ ಮಾತು."

ಮೂಲೆಯಲ್ಲಿ ಬ್ಯಾಟರಿ ಚಾರ್ಜಿಗೆ ಹಾಕುತ್ತಿದ್ದ ಡ್ರೋನ್ ಪೈಲಟ್ ತಿರುಗಿದ. ಠಾಣೆಯವರೆಲ್ಲ ಅವನನ್ನು ಹದ್ದಣ್ಣ ಎನ್ನುತ್ತಿದ್ದರು. "ನಮ್ಮ ರೂಲ್ಸು ವಿಚಿತ್ರ ಅಕ್ಕಾವ್ರೇ. ಹುಡುಕೋಕೆ ಹೋಗಿದ್ದು ಸಿಕ್ರೆ ಕೂಗಿ ಹೇಳ್ಬೇಕು. ಬೇರೆ ಏನೇ ಕಣ್ಣಿಗೆ ಬಿದ್ರೂ ಅದು ಬಿದ್ದೇ ಇಲ್ಲ. ಯಾರ ತಾರಸಿ ಮೇಲೆ ಯಾರಿದ್ರೆ ನಮಗೇನು?"

ತಂಗಿಯ ಕೈಯಲ್ಲಿದ್ದ ಬಟ್ಟೆ ನಿಂತಿತು.

ಹೋದ ವಾರ ಹೊಳೆ ಉಕ್ಕಿದಾಗ ಹದ್ದಣ್ಣ ಹಾರಿಸುತ್ತಿದ್ದ, ಅವಳು ಪರದೆ ನೋಡುತ್ತಿದ್ದಳು. ನೀರು ನುಗ್ಗಿದ ಬೀದಿಗೆ ಹೋಗುವ ದಾರಿಯಲ್ಲಿ, ನೀರು ಮುಟ್ಟದ ಒಂದು ಮನೆಯ ತಾರಸಿ. ಒಬ್ಬ ಗಂಡಸು ಪುಟ್ಟ ಪುಟ್ಟ ಫ್ರಾಕುಗಳನ್ನು ಒಣಹಾಕುತ್ತಿದ್ದ. ಸದ್ದಿಗೆ ತಲೆಯೆತ್ತಿದ. ಭಾವ. "ಇಲ್ಲಿ ಯಾರೂ ಸಿಕ್ಕಿಕೊಂಡಿಲ್ಲ, ಮುಂದೆ ಹೋಗಿ" ಎಂದಿದ್ದಳು ಅವಳು. ದನಿ ಕೂಡ ನಡುಗಿರಲಿಲ್ಲ.

ಅಕ್ಕ ಈಗ ಯಂತ್ರವನ್ನು ಬಿಟ್ಟು ತಂಗಿಯ ಮುಖ ನೋಡುತ್ತಿದ್ದಳು. ಚಿಕ್ಕಂದಿನಿಂದ ನೋಡಿದ ಮುಖ. ಅದನ್ನು ಓದಲು ಅವಳಿಗೆ ಯಾವ ಕ್ಯಾಮೆರಾವೂ ಬೇಕಿರಲಿಲ್ಲ.

"ನೀನು ನೋಡಿದೀಯ."

ತಂಗಿ ಹದ್ದಣ್ಣನ ಕಡೆ ತಿರುಗಿದಳು. ಅವನು ಗೋಡೆಗೆ ಮುಖ ಮಾಡಿ, ಆಗಲೇ ಸಿಕ್ಕಿಸಿದ್ದ ಬ್ಯಾಟರಿಯನ್ನು ತೆಗೆದು ಮತ್ತೆ ಸಿಕ್ಕಿಸುತ್ತಿದ್ದ.

ಅಕ್ಕ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಎಲ್ಲಿ ಅಂತ ಕೇಳಲ್ಲ ಕಣೇ. ಯಾರ ಜೊತೆ ಅಂತಾನೂ ಬೇಡ. ಜೀವಂತ ಇದಾರಾ, ಅದೊಂದು ಹೇಳು."