ಹದಿನೇಳು ಹೆಸರು

ಶಿಶುವಿಹಾರದ ಚಾವಣಿ ಕೆಲಸಕ್ಕೆ ಬಂದ ಟೆಂಡರ್ ಲಕೋಟೆಗಳನ್ನು ಒಡೆಯುವ ಮೊದಲು ಸಮಿತಿಯವರು ತಮ್ಮ ಬಂಧುಗಳ ಹೆಸರು ಬರೆದುಕೊಡಬೇಕಿತ್ತು. ಯುರೋಪಿನ ಒಕ್ಕೂಟ ಸೇರಲು ಹೊರಟ ಮೊಲ್ದೋವಾದ ಹೊಸ ಕಾಯಿದೆ ಅದು. ಗಂಡ, ಮಕ್ಕಳು, ಒಡಹುಟ್ಟಿದವರು ಎಂದು ಮೂರೇ ಸಾಲು. ಸಮಿತಿಯಲ್ಲಿದ್ದ ರಯೀಸಾ ಮೂರನ್ನೂ ತುಂಬಿ, ಹಾಳೆ ಮಗುಚಿ, ಹಿಂಬದಿಯಲ್ಲೂ ಬರೆಯತೊಡಗಿದಳು.

ಲಕೋಟೆ ಹಾಕಿದ್ದ ಗಾವ್ರಿಲ್ ಮೇಜಿನ ಮೇಲೆ ಬಗ್ಗಿ ಹಿಂಬದಿಯದನ್ನು ಎಣಿಸಿದ. ಹದಿನೇಳು ಹೆಸರು. ಮೊದಲನೆಯದೇ ಅವನದು.

"ನಾನೇನು ನಿನ್ನ ಒಡಹುಟ್ಟಿದವನಾ ಕುಮತ್ರಾ? ಫಾರಂ ಕೇಳದೇ ಇರೋದನ್ನ ಯಾಕೆ ಬರೀತೀಯ?"

ಅವನ ಮಗಳನ್ನು ದೀಕ್ಷಾಸ್ನಾನದ ದಿನ ಧರ್ಮತಾಯಿಯಾಗಿ ಎತ್ತಿಕೊಂಡವಳು ರಯೀಸಾ. ಅಂದಿನಿಂದ ಅವನು ಅವಳಿಗೆ ಕುಮತ್ರು, ಅವಳು ಅವನಿಗೆ ಕುಮತ್ರಾ. ಆ ಊರಲ್ಲಿ ನೌಕರಿಯಿಂದ ಆಸ್ಪತ್ರೆಯ ಹಾಸಿಗೆಯವರೆಗೆ ಎಲ್ಲವೂ ಸಿಗುತ್ತಿದ್ದದ್ದು ಈ ನಂಟಿನಿಂದಲೇ. ಬರುವ ಭಾನುವಾರ ಅದೇ ಮಗಳ ಕೂಸನ್ನೂ ಅವಳೇ ಎತ್ತಿಕೊಳ್ಳಬೇಕಿತ್ತು.

"ಬ್ರಸೆಲ್ಸ್‌ನವರಿಗೆ ಕುಮತ್ರು ಅಂದ್ರೆ ಏನು ಅಂತಲೇ ಗೊತ್ತಿಲ್ಲ," ಎಂದ ಗಾವ್ರಿಲ್.

"ನನಗೆ ಗೊತ್ತಲ್ಲ."

"ನಿನ್ನ ಮನೆ ಚಾವಣಿ ಹಾಕಿದ್ದು ನಾನು. ಒಂದು ದಿನ ಸೋರಿದೆಯಾ?"

"ಇಲ್ಲ. ಅದಕ್ಕೇ ನನ್ನ ಕೈ ನಿನ್ನ ಲಕೋಟೆ ಕಡೆಗೇ ಹೋಗತ್ತೆ. ನಾನು ಇಲ್ಲಿ ಕೂರಬಾರದು."

ಗಾವ್ರಿಲ್ ಟೋಪಿ ಜಡಿದುಕೊಂಡು ಹೊರನಡೆದ. ಎದುರು ಕೂತಿದ್ದ ಮೇಯರ್ ತನ್ನ ಫಾರಂ ಮೆಲ್ಲಗೆ ಮಗುಚಿ, ಖಾಲಿ ಹಿಂಬದಿಯನ್ನೇ ನೋಡತೊಡಗಿದ.

ರಯೀಸಾಳ ಜಾಗಕ್ಕೆ ಜಿಲ್ಲೆಯಿಂದ ಬೇರೊಬ್ಬರು ಬಂದರು. ಕೆಲಸ ಪಕ್ಕದೂರಿನವನ ಪಾಲಾಯಿತು. ಕಾಯಿದೆ ಬರೆದವರು ರಾಜಧಾನಿಯಲ್ಲಿ ಹಾಯಾಗಿದ್ದರು. ಬಿಸಿ ತಟ್ಟಿದ್ದು ಇವಳಿಗೆ. ತಮ್ಮ ಕುಮತ್ರು ನಂಟನ್ನೂ ಕಾಗದಕ್ಕೆ ಹಾಕಿದಳೆಂದು ಹದಿನೇಳು ಮನೆಯವರೂ ಮಾತು ಬಿಟ್ಟರು. ಗಟ್ಟಿಗಿತ್ತಿ, ಯಾರ ಮುಂದೆಯೂ ತಪ್ಪಾಯಿತು ಅನ್ನಲಿಲ್ಲ.

ಆದರೂ ಭಾನುವಾರ ಕೂಸನ್ನು ಸುತ್ತುವ ಬಿಳಿ ಬಟ್ಟೆಗೆ ಇಸ್ತ್ರಿ ಮಾಡಿ, ತೋಳಿನ ಮೇಲೆ ಹಾಕಿಕೊಂಡು ಚರ್ಚಿಗೆ ಹೋದಳು. ಒಳಗೆ ಬೇರೆ ಧರ್ಮತಾಯಿ ನಿಂತಿದ್ದರೆ? ಮೆಟ್ಟಿಲವರೆಗೆ ಬಂದವಳು ಹತ್ತಲಿಲ್ಲ. ಅಲ್ಲೇ ನಿಂತಳು.

ಗಾವ್ರಿಲ್ ಮೊಮ್ಮಗನನ್ನು ಎತ್ತಿಕೊಂಡು ಹೊರಬಂದ. ಮುಖ ಇನ್ನೂ ಗಂಟು. ಅವಳ ಕಡೆ ನೋಡದೆಯೇ ಕೂಸನ್ನು ಬಿಳಿ ಬಟ್ಟೆಯ ಮೇಲೆ ಇಟ್ಟ.

"ಹಿಡ್ಕೋ ಕುಮತ್ರಾ, ಇದು ಹದಿನೆಂಟನೇದು. ಪಟ್ಟೀಲಿ ಜಾಗ ಬಿಟ್ಟಿದೀಯ ತಾನೆ?"